ಕೋಚ್ ಕೂಗಾಡುವಾಗ ರೆಫರಿ ಹೇಳುವುದೇನು?

‘ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಕೋಚ್ ಕೂಗಾಡುತ್ತಿರುತ್ತಾರೆ, ರೆಫರಿ ಹತ್ತಿರ ಹೋಗಿ ಏನೋ ಹೇಳುತ್ತಾರೆ, ಇಬ್ಬರೂ ನಗುತ್ತಾರೆ. ಹೇಳುವುದಾದರೂ ಏನು?’ ಎಂದು ಕೇಳಿದ್ದೀರಿ. ಬೆಂಗಳೂರಿನ ಕಾಲೇಜು, ಕ್ಲಬ್ ಟೂರ್ನಿಗಳಲ್ಲಿ ಸೀಟಿ ಊದುವವನು ನಾನು. ಆ ಮಾತು ಗ್ಯಾಲರಿಗೆ ಕೇಳಿಸಿದರೆ ನಿಮಗೆ ನಗುವೇ ಬರಲಿಕ್ಕಿಲ್ಲ.

ರಿಂಗ್ ಮುಂದಿನ ಚೌಕದಲ್ಲಿ ದಾಳಿ ಮಾಡುವ ತಂಡದ ಆಟಗಾರ ಸತತ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಕೋಚ್‌ಗಳ ಲೆಕ್ಕದಲ್ಲಿ ಎದುರಾಳಿ ತಂಡದ ಎತ್ತರದ ಹುಡುಗ ಯಾವಾಗಲೂ ಅಲ್ಲೇ ಇರುತ್ತಾನೆ. ಒಬ್ಬ ಹಿರಿಯ ಕೋಚ್ ಒಮ್ಮೆ, “ಏನ್ ಸಾರ್, ಅವನು ಅಲ್ಲೇ ಬಾಡಿಗೆ ಮನೆ ಮಾಡಿದ್ದಾನೆ!” ಎಂದು ಗುಡುಗಿದರು. ಚೆಂಡು ಹೊರಗೆ ಹೋದಾಗ ಅವರ ಬೆಂಚ್ ಪಕ್ಕ ಹಾದುಹೋಗುತ್ತಾ, “ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಸಾರ್, ಎರಡನೇ ಸೆಕೆಂಡಿಗೇ ಹೊರಗೆ ಬರುತ್ತಿದ್ದಾನೆ” ಎಂದೆ. ಅವರು ಕುಳಿತರು.

ಆ ಸಾಲಿನಲ್ಲಿ ತಮಾಷೆಗಿಂತ ಉತ್ತರವೇ ಹೆಚ್ಚು. ನಾನು ಎಣಿಸುತ್ತಿದ್ದೇನೆ ಎಂಬುದು ಅವರಿಗೆ ತಿಳಿಯಿತು. ಕೋಚ್‌ಗಳ ಅರ್ಧ ಸಿಟ್ಟು ತೀರ್ಪಿನ ಮೇಲಲ್ಲ, ತಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎಂಬುದರ ಮೇಲೆ. ಅವರದೇ ಮಾತನ್ನು ಹಿಡಿದು ಹಿಂದಿರುಗಿಸಿದರೆ ಆ ಅರ್ಧ ಇಳಿಯುತ್ತದೆ. ಉತ್ತರವಿಲ್ಲದ ಬರೀ ಜೋಕ್ ಹೇಳಿ ನೋಡಿ, ಬೆಂಕಿಗೆ ತುಪ್ಪ ಸುರಿದಂತೆ.

ತಮಾಷೆ ಕೋಚ್ ಮೇಲೆ ಬೀಳಬಾರದು, ಅದರಲ್ಲೂ ಅವರ ಹುಡುಗರ ಕಿವಿಗೆ ಬೀಳಲೇಬಾರದು. ನನ್ನ ಮೇಲೆ ಬಿದ್ದರೆ ಪರವಾಗಿಲ್ಲ. ನನ್ನ ಹೊಟ್ಟೆಯೇ ಎಷ್ಟೋ ಜಗಳ ತಪ್ಪಿಸಿದೆ. ಇನ್ನೊಂದು ಅಪಾಯ ಎದುರು ಬೆಂಚ್. ನಮ್ಮೂರಿನ ಟೂರ್ನಿಗಳಲ್ಲಿ ರೆಫರಿಗಳೂ ಕೋಚ್‌ಗಳೂ ಒಂದು ಕಾಲದಲ್ಲಿ ಒಟ್ಟಿಗೆ ಆಡಿದವರೇ. ಒಬ್ಬರ ಜೊತೆ ಜೋರಾಗಿ ನಕ್ಕರೆ ಇನ್ನೊಬ್ಬರು, ‘ಓಹೋ, ಹೀಗೋ’ ಎಂದುಕೊಳ್ಳುತ್ತಾರೆ. ಆದ್ದರಿಂದ ಒಂದೇ ಸಾಲು, ಅದೂ ನಡೆಯುತ್ತಲೇ. ಕೊನೆಯ ಎರಡು ನಿಮಿಷದಲ್ಲಿ ಅದೂ ಇಲ್ಲ.

ಬೈಗುಳ ಬಂದರೆ ಹಾಸ್ಯದ ಪ್ರಶ್ನೆಯೇ ಇಲ್ಲ, ಅಶಿಸ್ತಿನ ನಡವಳಿಕೆಗೆ ಹಾಕುವ ‘ಟೆಕ್ನಿಕಲ್ ಫೌಲ್’ ಕೊಡುತ್ತೇನೆ. ಅಂತರರಾಷ್ಟ್ರೀಯ ನಿಯಮದಂತೆ ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ರಿಂಗ್‌ಗೆ ಎಸೆಯುವ ಅವಕಾಶ. ಸ್ವಂತ ನಡವಳಿಕೆಗಾಗಿ ಎರಡು ಬಿದ್ದರೆ ಕೋಚ್ ಹೊರಗೆ ಹೋಗಬೇಕು. ಕೊಟ್ಟ ಮೇಲೆ ನಾನು ಮುಗುಳ್ನಗುವುದೂ ಇಲ್ಲ, ಅದು ಅಣಕವಾಗಿ ಕಾಣುತ್ತದೆ.

ನಗುವನ್ನು ಸಹಿಸದ ರೆಫರಿಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲೊಂದು ಪ್ರಸಿದ್ಧ ಪ್ರಸಂಗವಿದೆ. 2007ರ ಏಪ್ರಿಲ್‌ನಲ್ಲಿ ಡಲ್ಲಾಸ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಟಿಮ್ ಡಂಕನ್ ಬೆಂಚ್‌ನಲ್ಲಿ ಕುಳಿತು ನಗುತ್ತಿದ್ದರು. ಅನುಭವಿ ರೆಫರಿ ಜೋಯಿ ಕ್ರಾಫರ್ಡ್ ಅದಕ್ಕೇ ಟೆಕ್ನಿಕಲ್ ಕೊಟ್ಟು ಅವರನ್ನು ಹೊರಗೆ ಕಳಿಸಿದರು. ಡಂಕನ್‌ಗೆ 25,000 ಡಾಲರ್ ದಂಡ ಬಿತ್ತು, ಕ್ರಾಫರ್ಡ್‌ಗೆ ಪ್ಲೇಆಫ್ ಸೇರಿದಂತೆ ಆ ಋತುವಿನ ಉಳಿದ ಪಂದ್ಯಗಳೆಲ್ಲ ತಪ್ಪಿದವು.

ಮಾತಿನ ಚಮತ್ಕಾರ ಬಾರದವರು ಬಲವಂತವಾಗಿ ನಗಿಸಲು ಹೋಗಬೇಕಿಲ್ಲ. ನನ್ನ ಜೊತೆಗಾರರೊಬ್ಬರು ಇಡೀ ಪಂದ್ಯದಲ್ಲಿ “ಕೇಳಿಸಿತು ಸಾರ್” ಎಂಬುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಕೋಚ್‌ಗಳು ಅವರ ತಂಟೆಗೆ ಹೋಗುವುದೇ ಅಪರೂಪ.