ಎಲೆಗೆ ಕಾಯಲು ಬರುವುದಿಲ್ಲ

ಮೈಸೂರಿನಲ್ಲಿ ಎಂಬಿಎ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ನೀಲಗಿರಿಯ ಸಣ್ಣ ಚಹಾ ಬೆಳೆಗಾರರ ಬಗ್ಗೆ ನಾವು ಹಾಕಿದ್ದ ಲೇಖನ ಅವರಿಗೆ ಹಿಡಿಸಿಲ್ಲ. 'ನಿಮ್ಮದು ಬರೀ ಕನಿಕರ. ಸಣ್ಣ ಬೆಳೆಗಾರರು ಒರಟು ಎಲೆ ಕೊಡುತ್ತಾರೆ. ಅದಕ್ಕೇ ಪುಡಿ ಕಳಪೆಯಾಗುತ್ತದೆ, ಬೆಲೆ ಬೀಳುತ್ತದೆ. ಸಾಫ್ಟ್‌ವೇರ್, ಜಿಪಿಎಸ್, ಕ್ಯೂಆರ್ ಕೋಡ್ ತಂದು ಸಪ್ಲೈ ಚೈನ್ ಸರಿಮಾಡಿದರೆ ಕಂಪನಿಗೂ ಲಾಭ, ಬೆಳೆಗಾರರಿಗೂ ಲಾಭ' ಎನ್ನುತ್ತಾರೆ. ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಬೇಕಂತೆ, ಸಲಹೆ ಕೇಳಿದ್ದಾರೆ.

ಮೊದಲು ಮೆಚ್ಚುಗೆ ಹೇಳುತ್ತೇನೆ. ಇಷ್ಟು ಓದಿ, ಇಷ್ಟು ಖಡಕ್ಕಾಗಿ ಜಗಳ ಆಡುವ ಪತ್ರ ಬಂದು ಬಹಳ ದಿನ ಆಗಿತ್ತು. ನಿಮ್ಮ ಮಾತಿನಲ್ಲಿ ನಿಜವೂ ಇದೆ. ಎರಡೆಲೆ ಒಂದು ಕುಡಿ ಚಿವುಟುವ ಕಡೆ ಕತ್ತರಿ ಹಾಕಿ ನಾಲ್ಕೈದು ಎಲೆ ಕತ್ತರಿಸಿ ತಂದರೆ ಒಳ್ಳೆ ಟೀ ಆಗುವುದಿಲ್ಲ. ಒಪ್ಪಿದೆ.

ಆದರೆ ತಂಗಿ, ಆ ಎಲೆ ಯಾಕೆ ಹಾಗಾಯಿತು ಅಂತ ನೀವು ಕೇಳಲೇ ಇಲ್ಲ.

ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ನೀಲಗಿರಿಯ ಕೋಟಗಿರಿ ಹತ್ತಿರದ ಒಂದು ಹಟ್ಟಿಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ತಗಡಿನ ಶೆಡ್. ಬೆಳಗಿನಿಂದ ಚಿವುಟಿದ ಎಲೆಯನ್ನು ಚೀಲಕ್ಕೆ ತುಂಬಿ ಹೆಂಗಸರು ಕಾಯುತ್ತಿದ್ದರು. ಅವರಾಡುವ ಬಡಗ ಮಾತು ಕನ್ನಡದ ಕಿವಿಗೆ ಅರ್ಧಕ್ಕಿಂತ ಜಾಸ್ತಿ ತಿಳಿಯುತ್ತದೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಚೀಲದೊಳಗೆ ತೂರಿಸಿದರು. ಹೊರಗೆ ನಡುಗಿಸುವ ಚಳಿ. ಒಳಗೆ ಎಲೆ ಬಿಸಿಬಿಸಿ, ಜ್ವರ ಬಂದ ಮಗುವಿನ ಮೈಯ ಹಾಗೆ. ಚಿವುಟಿದ ಮೇಲೂ ಎಲೆ ಉಸಿರಾಡುತ್ತದೆ. ಒತ್ತಿ ತುಂಬಿದರೆ ಕಾವು ಏರುತ್ತದೆ, ಮೂಗೇಟಾದ ಕಡೆ ಕೆಂಪಾಗುತ್ತದೆ. ಫ್ಯಾಕ್ಟರಿಯಲ್ಲಿ ಹರಡಿ ಬಾಡಿಸಿದ ಮೇಲೆ ಆಗಬೇಕಾದ್ದು ಚೀಲದಲ್ಲೇ ಶುರುವಾಗುತ್ತದೆ.

ಎಲೆಯನ್ನು ಫ್ಯಾಕ್ಟರಿಗೆ ಒಯ್ಯುವ ಏಜೆಂಟನ ವ್ಯಾನು ಎರಡು ಗಂಟೆ ತಡವಾಗಿ ಬಂತು. ಅಜ್ಜಿಯ ಎಲೆ ಮೂವತ್ತೆರಡು ಕಿಲೋ ತೂಗಿತು. ನೀರಿನ ಲೆಕ್ಕಕ್ಕೆ, ಚೀಲದ ಲೆಕ್ಕಕ್ಕೆ ಅಂತ ನಾಲ್ಕು ಕಿಲೋ ಸೂಟು, ಅಂದರೆ ತೂಕದಲ್ಲಿ ಕಡಿತ, ಹೊಡೆದ. ಮೇಲೆ 'ಎಲೆ ಕೆಂಪಾಗಿದೆ' ಅಂತ ಬೈದ. ತಡ ಮಾಡಿದ್ದು ಅವನು, ಕಡಿತ ಆಗಿದ್ದು ಅಜ್ಜಿಯ ಚೀಟಿಯಲ್ಲಿ. ಅಜ್ಜಿ ಚೀಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದರು. ಆ ದಿನದ ರೇಟೆಷ್ಟು ಅಂತ ಅವರಿಗೆ ತಿಂಗಳ ಕೊನೆಗೆ ಗೊತ್ತಾಗಬೇಕು.

ನಮ್ಮ ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ರೇಟು ಬಿದ್ದಾಗ ಏನು ಮಾಡುತ್ತಾರೆ? ಕಾಫಿ ಹಣ್ಣು ಒಣಗಿಸಿ ಮೂಟೆ ಕಟ್ಟಿ ಕಾಯುತ್ತಾರೆ. ಚಹಾ ಬೆಳೆಗಾರರಿಗೆ ಅದಾಗದು. ಸಂಜೆಯೊಳಗೆ ಕೊಡಲೇಬೇಕು, ಯಾವ ರೇಟಿಗಾದರೂ. ಅದೇ ಪುಡಿಯಾದ ಮೇಲೆ ಯಾರಿಗೂ ಅವಸರವಿಲ್ಲ. ಗೋದಾಮು, ಸ್ಯಾಂಪಲ್, ರುಚಿ ನೋಡುವವರು, 1963ರಿಂದ ನಡೆಯುತ್ತಿರುವ ಕೂನೂರಿನ ಟೀ ಹರಾಜು, ಎಲ್ಲಕ್ಕೂ ವಾರಗಟ್ಟಲೆ ಸಮಯ ಸಿಗುತ್ತದೆ. ಕಾಯಬಲ್ಲವರ ಕೈ ಮೇಲೆ, ಕಾಯಲಾಗದವರ ಕೈ ಕೆಳಗೆ. ನಿಮ್ಮ ಪತ್ರದ ಬಾಣದ ಗುರುತಿನ ಚಿತ್ರದಲ್ಲಿ ಇದು ಎಲ್ಲಿದೆ ಅಂತ ಹುಡುಕಿದೆ. ಕಾಣಲಿಲ್ಲ.

ಲೆಕ್ಕವನ್ನೂ ನೋಡಿಬಿಡಿ. ಕೇಂದ್ರ ಸರ್ಕಾರದ ಟೀ ಬೋರ್ಡಿನ ಸೂತ್ರದಲ್ಲಿ ಮಾರಿದ ಬೆಲೆಯ 65 ಪಾಲು ಬೆಳೆಗಾರರಿಗೆ, 35 ಪಾಲು ಫ್ಯಾಕ್ಟರಿಗೆ. ಕೇಳಲು ಚೆನ್ನಾಗಿದೆ, ಅಲ್ವಾ? ಹರಾಜಿನ ಬೆಲೆ ಕಿಲೋಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಪುಡಿಗೆ ಹೆಚ್ಚುಕಡಿಮೆ ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ಅಲ್ಲಿಗೆ ಕಿಲೋ ಎಲೆಗೆ ಸಿಗುವುದು ಹದಿನಾಲ್ಕು ರೂಪಾಯಿ ಚಿಲ್ಲರೆ. ಚಿವುಟುವ ಕೂಲಿ, ಗೊಬ್ಬರ, ಎಲ್ಲ ಅದರಲ್ಲೇ. ಹೀಗಿರುವಾಗ ಕೂಲಿ ಉಳಿಸಲು ಕತ್ತರಿ ಹಿಡಿಯದೆ ಇನ್ನೇನು ಮಾಡುತ್ತಾರೆ?

ಸಣ್ಣ ಬೆಳೆಗಾರರಿಂದ ಒಳ್ಳೆ ಎಲೆ ಬರುವುದಿಲ್ಲ ಅಂತ ಕೀನ್ಯಾದಲ್ಲೂ ಬಿಳಿಯ ತೋಟದವರು ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ, 1964ರಲ್ಲಿ, ಅಲ್ಲಿ ಸಣ್ಣ ರೈತರಿಗಾಗಿಯೇ ಚಹಾ ಪ್ರಾಧಿಕಾರ ಕಟ್ಟಿದರು. ನಡೆದು ಹೋಗುವಷ್ಟು ಹತ್ತಿರದಲ್ಲಿ ಎಲೆ ಕೊಳ್ಳುವ ಕೇಂದ್ರ. ರೈತರ ಕಣ್ಣೆದುರೇ ಎಲೆ ಆರಿಸಿ ತೂಕ. ತಿಂಗಳಿಗೊಮ್ಮೆ ಮುಂಗಡ ಹಣ, ಪುಡಿ ಮಾರಿದ ಬೆಲೆ ನೋಡಿ ವರ್ಷದ ಕೊನೆಗೆ ಇನ್ನೊಂದು ಕಂತು. ಫ್ಯಾಕ್ಟರಿಯಲ್ಲಿ ರೈತರಿಗೇ ಷೇರು. ಅಲ್ಲೂ ಈಗ ತಕರಾರುಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಇವತ್ತು ಕೀನ್ಯಾದ ಚಹಾದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಸಣ್ಣ ರೈತರದ್ದೇ, ಅಲ್ಲಿನ ಮೊಂಬಾಸಾ ಹರಾಜಿನಲ್ಲಿ ಅದಕ್ಕೆ ಒಳ್ಳೆ ಹೆಸರಿದೆ.

ಅಷ್ಟು ದೂರ ಯಾಕೆ, ನಮ್ಮ ಹಾಲಿನ ಡೈರಿ ನೋಡಿ. ಹಾಲಿಗೂ ಕಾಯಲು ಬರುವುದಿಲ್ಲ. ಅದಕ್ಕೇ ಊರೂರಿಗೆ ಸಂಘ, ಬೆಳಿಗ್ಗೆ ಸಂಜೆ ಅಳತೆ, ಫ್ಯಾಟ್ ನೋಡಿ ರೇಟು. ಕ್ಯಾನು ಹೊತ್ತು ಬಂದ ಹೆಂಗಸಿಗೆ ತನ್ನ ಹಾಲಿನ ಲೆಕ್ಕ ಗೊತ್ತಿರುತ್ತದೆ. ನೀಲಗಿರಿಯಲ್ಲೂ ಸಹಕಾರಿ ಫ್ಯಾಕ್ಟರಿಗಳಿವೆ. ಆದರೆ ಪುಡಿ ಮಾರಲು ಅವೂ ಹರಾಜಿನ ಬಾಗಿಲಲ್ಲಿ ನಿಲ್ಲಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಉದ್ಯಮ ಚೆನ್ನಾಗಿದೆಯೋ ಇಲ್ಲವೋ ಅಂತ ನಾವು ಯಾವಾಗಲೂ ಪ್ಯಾಕೆಟ್ಟಿನ ಕಡೆಯಿಂದಲೇ ಅಳೆಯುತ್ತೇವೆ. ಪತ್ರಿಕೆಗಳಲ್ಲಿ ಕಂಪನಿಯ ತ್ರೈಮಾಸಿಕ ಲಾಭಕ್ಕೆ ದೊಡ್ಡ ತಲೆಬರಹ, ಹಸಿ ಎಲೆಯ ರೇಟಿಗೆ ಒಂದು ಸಾಲೂ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಕೋಟಗಿರಿ ಭಾಗದ ಬೆಳೆಗಾರರು ರೇಟಿಗಾಗಿ ಉಪವಾಸ ಕೂತರು. ಬೆಟ್ಟ ಇಳಿದರೆ ನಮ್ಮ ಗುಂಡ್ಲುಪೇಟೆ. ಕನ್ನಡದಲ್ಲಿ ಎಷ್ಟು ಜನ ಬರೆದರು? ಟೊಮೆಟೊ, ಈರುಳ್ಳಿ, ಕಬ್ಬಿನದೂ ಇದೇ ಕಥೆ. ಬೆಲೆ ಏರಿದರೆ ಸುದ್ದಿ, ಬೆಳೆದವರಿಗೆ ಬಿದ್ದರೆ ಹಣೆಬರಹ. ಕಾಲೇಜಿನಲ್ಲಿ ನಿಮಗೆ ಕಲಿಸುವ ಸಪ್ಲೈ ಚೈನೂ ಫ್ಯಾಕ್ಟರಿ ಗೇಟಿನಿಂದ ಶುರುವಾಗುತ್ತದೆ ಅಂತ ಕಾಣುತ್ತದೆ.

ಜಿಪಿಎಸ್ ಬೇಡ ಅನ್ನುತ್ತಿಲ್ಲ. ವ್ಯಾನಿಗೆ ಖಂಡಿತ ಹಾಕಿ. ಆದರೆ ವ್ಯಾನು ಎಲ್ಲಿದೆ ಅಂತ ಆ ಅಜ್ಜಿಯ ಫೋನಿಗೂ ಗೊತ್ತಾಗಲಿ. ತಡವಾದರೆ ಕಡಿತ ಏಜೆಂಟನ ಲೆಕ್ಕಕ್ಕೆ ಬೀಳಲಿ.

ಪ್ರಾಜೆಕ್ಟಿಗೆ ನನ್ನ ಸಲಹೆ ಇಷ್ಟೆ. ಮೈಸೂರಿನಿಂದ ಊಟಿ ಬಸ್ಸು ಹತ್ತಿ, ಅಲ್ಲಿಂದ ಕೋಟಗಿರಿ. ಒಂದು ವಾರ ಅಂಥದ್ದೊಂದು ಶೆಡ್ಡಿನಲ್ಲಿ ಕೂತುಕೊಳ್ಳಿ. ಚೀಲ ಬಂದ ಹೊತ್ತು, ವ್ಯಾನು ಬಂದ ಹೊತ್ತು, ತೂಕ, ಸೂಟು, ನಾಲ್ಕೂ ಬರೆದುಕೊಳ್ಳಿ. ಸ್ವೆಟರ್ ಮರೆಯಬೇಡಿ. ಬರೆದದ್ದನ್ನು ನಮಗೂ ಕಳಿಸಿ, ಎಷ್ಟು ಪುಟವಾದರೂ ಅಚ್ಚು ಹಾಕುತ್ತೇವೆ.

– ಸಂಪಾದಕ