ಅಣ್ಣನ ಅಸ್ತಮಾ, ಸಿಗರೇಟು, ನಾಟದ ಪಂಪು

ನಿಮ್ಮ ಅಣ್ಣನಿಗೆ ಚಿಕ್ಕಂದಿನಿಂದ ಅಸ್ತಮಾ, ಇಪ್ಪತ್ತೈದು ವರ್ಷದ ಸಿಗರೇಟು, ಈಗ ಪಂಪು (ಇನ್ಹೇಲರ್) ನಾಟುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಹೀಗಿದ್ದರೆ ಮೊದಲ ಅನುಮಾನ ಸಿಗರೇಟಿನ ಮೇಲೆಯೇ. ಸೇದುವವರಲ್ಲಿ ಪಂಪಿನ ಸ್ಟೀರಾಯ್ಡ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಮಳೆಗಾಲ ಕಳೆದರೂ ಅವರಿಗೆ ಡೊಂಬಿವಲಿ ಸ್ಟೇಷನ್ನಿನ ಬ್ರಿಜ್ ಹತ್ತಲಾಗುತ್ತಿಲ್ಲ ಎನ್ನುತ್ತೀರಿ. ಸಿಒಪಿಡಿಯೂ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಸೇರಿಕೊಂಡಿರಬಹುದು, ಆದರೆ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು.

ಮೊದಲು ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಊದಿಸಿ ಶ್ವಾಸಕೋಶವನ್ನು ಅಳೆಯುವ ಪರೀಕ್ಷೆ, ಮಾಡಿಸಿ. ಮುಂಬೈನ ಪರೇಲಿನ ಕೆಇಎಂ ಅಥವಾ ಸಯನ್ ಆಸ್ಪತ್ರೆಯ ಎದೆರೋಗ ಓಪಿಡಿಗೆ ಕರೆದುಕೊಂಡು ಹೋಗಿ. ಒಮ್ಮೆ ಊದಿಸಿ, ಪಂಪು ಕೊಟ್ಟು, ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಎರಡನೇ ಸಲವೂ ಎಫ್‌ಇವಿ1–ಎಫ್‌ವಿಸಿ ಅನುಪಾತ (ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಹೊರಬಂದ ಪಾಲು) 0.70ಕ್ಕಿಂತ ಕೆಳಗಿದ್ದರೆ ಸಿಒಪಿಡಿಯ ಶಂಕೆ ಬಲವಾಗುತ್ತದೆ. ಈ ಪರೀಕ್ಷೆಯಲ್ಲಿ ನಮ್ಮ ಮಾವ ಅರ್ಧಕ್ಕೇ ಊದುವುದನ್ನು ನಿಲ್ಲಿಸಿಬಿಡುತ್ತಿದ್ದರು, ಟೆಕ್ನಿಷಿಯನ್ "ಔರ್ ಫೂಂಕೋ, ಔರ್ ಫೂಂಕೋ" (ಇನ್ನೂ ಊದಿ) ಎಂದು ಕೂಗುತ್ತಲೇ ಇದ್ದ. ಎದೆ ಪೂರ್ತಿ ಖಾಲಿಯಾಗುವ ತನಕ ಊದದಿದ್ದರೆ ಆ ರಿಪೋರ್ಟು ಪ್ರಯೋಜನಕ್ಕೆ ಬಾರದು. ಆ ದಿನ ಬೆಳಿಗ್ಗೆ ಸೇದಬಾರದು. ಯಾವ ಪಂಪನ್ನು ಎಷ್ಟು ಗಂಟೆ ಮುಂಚೆ ನಿಲ್ಲಿಸಬೇಕೆಂದು ಮೊದಲೇ ಕೇಳಿಕೊಳ್ಳಿ.

ಸಿಒಪಿಡಿ ಎಂದು ಬಂದರೂ ಸ್ಟೀರಾಯ್ಡ್ ಪಂಪನ್ನು ತಾವಾಗಿ ಬಿಡಬಾರದು. ಅಸ್ತಮಾ ಇದ್ದವರಿಗೆ ಅದು ಬೇಕೇ ಬೇಕು, ಡಾಕ್ಟರಿಗೆ ಹಳೇ ಅಸ್ತಮಾ ವಿಷಯ ಹೇಳಲು ಮರೆಯಬೇಡಿ. ಪಂಪು ಎಳೆಯುವ ರೀತಿಯನ್ನೂ ಅಲ್ಲೇ ತೋರಿಸಿ.

ರಿಪೋರ್ಟಿಗೆ ಕಾಯದೆ ಇವತ್ತೇ ಸಿಗರೇಟು ಬಿಡಿಸಲು ಶುರುಮಾಡಿ. ಪ್ಯಾಕಿನ ಮೇಲಿರುವ, ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಫೋನ್ ಉಚಿತ. ನಿಕೋಟಿನ್ ಗಮ್ ಡಾಕ್ಟರನ್ನು ಕೇಳಿಯೇ ಕೊಡಿ.

ಒಂದು ವಾಕ್ಯ ಪೂರ್ತಿ ಮಾತಾಡಲಾಗದೆ ಏದುಸಿರು ಬಂದರೆ, ತುಟಿ ನೀಲಿಯಾದರೆ, ಓಪಿಡಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.