ರಿವರ್ಸ್ ಇಲ್ಲದ ಕಾರಿನ ಜೊತೆ ಮೂರು ತಿಂಗಳು

ತಮ್ಮಾ, ನಿನ್ನ ಮೆಸೇಜ್ ನೋಡಿದೆ. ಅಮೆರಿಕದ ಆನ್ ಆರ್ಬರ್‌ಗೆ ಬಂದು ಎರಡು ವಾರ ಆಯಿತು, 1,62,000 ಮೈಲಿ ಓಡಿದ ಕಾರು 2,200 ಡಾಲರಿಗೆ ಸಿಗುತ್ತಿದೆ, ಗೇರ್ ಬದಲಾಗುವಾಗ ಸ್ವಲ್ಪ ಜಗ್ಗುತ್ತದೆ, ತಗೊಳ್ಳಲಾ ಅಂತ ಕೇಳಿದ್ದೀಯ. ಆಯಿಲ್ ಬದಲಿಸಿದರೆ ಸರಿಹೋಗುತ್ತದೆ ಅಂತ ಮಾರುವವನು ಹೇಳಿದನಂತೆ. ಹಾಗಿದ್ದರೆ ಅವನೇ ಬದಲಿಸಿ ಇನ್ನೊಂದು ಐನೂರು ಜಾಸ್ತಿ ಕೇಳುತ್ತಿದ್ದ, ಅಲ್ವಾ?

ನಾನು 2009ರಲ್ಲಿ ಬಂದಾಗ ಇಂಥದ್ದೇ ಒಂದು ಕಾರು ತಗೊಂಡಿದ್ದೆ. ಊರಲ್ಲಿ ಕ್ಲಚ್ ತುಳಿದು ಓಡಿಸಿದವನು, ಆಟೋಮ್ಯಾಟಿಕ್ ಕೆಟ್ಟರೆ ಹೇಗಿರುತ್ತದೆ ಅಂತಲೇ ಗೊತ್ತಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಡ್ರೈವ್‌ಗೆ ಹಾಕಿದರೆ ಎರಡು ಮೂರು ಸೆಕೆಂಡು ಸುಮ್ನೆ ನಿಂತಿರುತ್ತಿತ್ತು. ಆಮೇಲೆ ಧಡ್ ಅಂತ ಹಿಡಿದುಕೊಳ್ಳುತ್ತಿತ್ತು. ಚಳಿಗೆ ಹೀಗೆ ಅಂದುಕೊಂಡೆ. ಒಂದು ದಿನ ಕಾರು ತೆಗೆದ ಜಾಗದಲ್ಲಿ, ಹಿಮದ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಹನಿಗಳು. ಟ್ರಾನ್ಸ್‌ಮಿಷನ್ ಆಯಿಲ್, ಅಂದರೆ ಗೇರ್ ಪೆಟ್ಟಿಗೆಯ ಎಣ್ಣೆ! ಇಲ್ಲಿ ಮಿಷಿಗನ್‌ನಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪಿಗೆ ಆಯಿಲ್ ಕೂಲರಿನ ಪೈಪು ತುಕ್ಕು ಹಿಡಿದು ತೂತಾಗಿತ್ತು. 180 ಡಾಲರಿನಲ್ಲಿ ರಿಪೇರಿ ಮುಗಿಯಿತು, ಒಂದು ವರ್ಷ ಆರಾಮಾಗಿ ಓಡಿತು.

ಆಮೇಲೆ ಬಂದಿದ್ದು ನಿಜವಾದ ಕಾಯಿಲೆ. ಎಂ-14 ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚುತ್ತದೆ, ವೇಗ ಮಾತ್ರ ಏರುವುದಿಲ್ಲ. ಆಯಿಲ್ ನೋಡುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ನೋಡಿದರೆ ಕೆಂಪಗಿರಬೇಕಾದ ಆಯಿಲ್ ಕಾಫಿ ಕಷಾಯದ ಬಣ್ಣ, ಸೀದ ವಾಸನೆ. ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ, ಬಿಚ್ಚಿ ಕಟ್ಟಲು 3,200 ಆಗುತ್ತದೆ ಅಂದ ಮೆಕ್ಯಾನಿಕ್. ಕಾರಿಗೇ ಅಷ್ಟು ಬೆಲೆ ಇರಲಿಲ್ಲ. ಆಯಿಲ್ ಆದರೂ ಬದಲಿಸು ಅಂದೆ. ಒಂದು ಸಲ ಇಳಿಸಿದರೆ ಅರ್ಧದಷ್ಟೂ ಬರುವುದಿಲ್ಲ, ಉಳಿದದ್ದು ಹೆಚ್ಚಾಗಿ ಎಂಜಿನ್ ಬಲವನ್ನು ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲೇ ಇರುತ್ತದೆ. ಹಾಗಾಗಿ ಎರಡು ಸಲ ಮಾಡಿಸಿದೆ. ಎಂಟು ತಿಂಗಳು ತಳ್ಳಿದೆ. ಆಮೇಲೆ ರಿವರ್ಸ್ ಹೋಯಿತು.

ರಿವರ್ಸ್ ಇಲ್ಲದೆ ಬದುಕಬಹುದು, ನಂಬು. ಎಲ್ಲಿ ಹೋದರೂ ಎದುರಿನ ಜಾಗ ಖಾಲಿ ಇದೆಯಾ ನೋಡಿ ನಿಲ್ಲಿಸುತ್ತಿದ್ದೆ. ಹಿಂದಕ್ಕೆ ಇಳಿಜಾರು ಇದ್ದರಂತೂ ಹಬ್ಬ. ನೋವೈ ವೆಂಕಟೇಶ್ವರ ದೇವಸ್ಥಾನದಲ್ಲಿ ಒಂದು ಭಾನುವಾರ ಎದುರಿಗೇ ಒಬ್ಬರು ಕಾರು ತಂದು ನಿಲ್ಲಿಸಿಬಿಟ್ಟರು. ಪುಳಿಯೋಗರೆ ತಟ್ಟೆ ಹಿಡಿದಿದ್ದ ಇಬ್ಬರು ಹಿರಿಯರು ತಟ್ಟೆಯನ್ನು ನನ್ನ ಹೆಂಡತಿಗೆ ಕೊಟ್ಟು, ಬಾನೆಟ್ಟಿಗೆ ಕೈ ಕೊಟ್ಟು ಹಿಂದಕ್ಕೆ ನೂಕಿದರು. ಅವಳು ವಾರಪೂರ್ತಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹಾಗಾದರೆ ತಗೊಳ್ಳಬೇಡವಾ? ನೋಡದೆ ಬೇಡ ಅನ್ನುವುದಿಲ್ಲ. ನಿನ್ನದು ಪೈಪಿನ ಕಾಯಿಲೆಯಾ, ಪ್ಲೇಟಿನ ಕಾಯಿಲೆಯಾ, ಅದು ಗೊತ್ತಾಗಬೇಕು. ಬಿಸಿಯಾದ ಗಾಡಿ ಎಷ್ಟೋ ತಪ್ಪು ಮುಚ್ಚಿಡುತ್ತದೆ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡು. ರಿವರ್ಸ್‌ಗೆ ಹಾಕಿ, ಗೇರ್ ಹಿಡಿಯಲು ಎಷ್ಟು ಸೆಕೆಂಡು ಬೇಕು ಅಂತ ಎಣಿಸು, ಡ್ರೈವ್‌ಗೆ ಹಾಕಿ ಎಣಿಸು. 1996ರಿಂದ ಈಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ ಪೋರ್ಟ್ ಇರುತ್ತದೆ. ಸ್ಕ್ಯಾನರಿನಲ್ಲಿ ಪಿ0700 ಅನ್ನುವ ಕೋಡ್ ಬಂದರೆ ತಕರಾರು ಟ್ರಾನ್ಸ್‌ಮಿಷನ್ ಕಡೆಯದು. ಸ್ಕ್ಯಾನರ್ ನನ್ನ ಹತ್ತಿರ ಇದೆ. ಮೆಕ್ಯಾನಿಕ್ ಹತ್ತಿರ ತೋರಿಸಲು ನೂರೈವತ್ತು ಡಾಲರ್ ಆಗಬಹುದು, ಅದಕ್ಕೆ ಜಿಪುಣತನ ಬೇಡ. ತೋರಿಸಲು ಮಾರುವವನು ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬಾ. ಈ ರಾಜ್ಯದಲ್ಲಿ ಕಾರಿಗೆ ವರ್ಷಾವರ್ಷದ ತಪಾಸಣೆ ಇಲ್ಲ, ತಗೊಂಡ ಮೇಲೆ ಗಾಡಿಯೂ ನಿನ್ನದೇ, ಅದರ ಕರ್ಮವೂ ನಿನ್ನದೇ. ಹೆಸರು ಬದಲಿಸುವಾಗ ಮೇಲೆ 6% ತೆರಿಗೆ ಬೇರೆ, ಮರೆಯಬೇಡ.

ಶನಿವಾರ ಬೆಳಿಗ್ಗೆ ನಾನೂ ಬರುತ್ತೇನೆ. ರಾತ್ರಿಯಿಂದ ಸ್ಟಾರ್ಟ್ ಮಾಡದೆ ಬಿಟ್ಟಿರು ಅಂತ ಅವನಿಗೆ ಈಗಲೇ ಹೇಳಿಬಿಡು.